ಮೆದುಳಿನ ರಕ್ತನಾಳದ ಗುಳ್ಳೆ ಒಡೆದು ಆದ ರಕ್ತಸ್ರಾವಕ್ಕೆ ಚಿಕಿತ್ಸೆ ಯಶಸ್ವಿಯಾಗಿದೆ. ಐದನೇ ದಿನವೇ ತಂದೆಯನ್ನು ಬೆಳಗಾವಿಯಿಂದ ವಿಜಯಪುರಕ್ಕೆ ಕರೆದೊಯ್ಯಬಹುದೇ?

ಬೇಡ. ಬಿಲ್ ಏರಿಸಲು ಐಸಿಯುನಲ್ಲಿ ಇಟ್ಟುಕೊಂಡಿದ್ದಾರೆ ಎಂದು ಬರೆದಿದ್ದೀರಿ. ನಮ್ಮ ಕಾಕಾ ಕೂಡ ಇದೇ ಮಾತು ಆಡಿದ್ದರು.

ಬಾಗಲಕೋಟೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಸಿಡಿಲು ಹೊಡೆದಂತೆ ತಲೆನೋವು ಬಂತು, ವಾಂತಿಯಾಯಿತು. ಬೆಳಗಾವಿಗೆ ಒಯ್ದಾಗ ಮೆದುಳಿನ ರಕ್ತನಾಳದ ಗುಳ್ಳೆ ಒಡೆದಿದೆ ಎಂದರು. ತೊಡೆಯ ನಾಳದಿಂದ ತಂತಿ ತೂರಿಸಿ, ಗುಳ್ಳೆಯೊಳಗೆ ಕಾಯಿಲ್ (ತೆಳು ಲೋಹದ ಸುರುಳಿ) ತುಂಬಿ ಅದನ್ನು ಮುಚ್ಚಿದರು. ಅವ್ವ ಮಾತನಾಡಿದಳು. ದೊಡ್ಡವ್ವ ಬನಶಂಕರಿಗೆ ಹರಕೆ ತೀರಿಸುವ ದಿನ ಗೊತ್ತು ಮಾಡತೊಡಗಿದಳು.

ಗುಳ್ಳೆ ಮುಚ್ಚಿದರೂ ಚೆಲ್ಲಿದ ರಕ್ತ ಮೆದುಳಿನ ಸುತ್ತ ಉಳಿದಿರುತ್ತದೆ. ಅದು ಒಡೆದು ಕರಗುವಾಗ ಅಕ್ಕಪಕ್ಕದ ನಾಳಗಳು ಕೆರಳಿ ಬಿಗಿದುಕೊಳ್ಳುತ್ತವೆ. ವೈದ್ಯರು ವ್ಯಾಸೋಸ್ಪಾಸಂ ಎನ್ನುವುದು ಇದಕ್ಕೇ. ರಕ್ತಸ್ರಾವವಾದ ಮೂರನೇ ದಿನದಿಂದ ಶುರುವಾಗಬಹುದು, 7ರಿಂದ 10ನೇ ದಿನದ ಸುಮಾರಿಗೆ ಜೋರು, ಎರಡು ವಾರ ಕಳೆದ ಮೇಲೆ ಸಾಮಾನ್ಯವಾಗಿ ಇಳಿಮುಖ. ನಿಮ್ಮ ತಂದೆಯ ಕಠಿಣ ದಿನಗಳು ಇನ್ನೂ ಮುಂದಿವೆ.

ನಾವು ಕೆಟ್ಟದ್ದು ನಿದ್ದೆಯನ್ನು ನಂಬಿ. ವಾರ್ಡಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವ್ವ ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದಳು. ನಿದ್ದೆಗೆಟ್ಟಿದ್ದಾಳೆ, ಮಲಗಲಿ ಬಿಡು ಎಂದಳು ದೊಡ್ಡವ್ವ. ನೋಡಲು ಬಂದವರನ್ನು ನಾನು ಬಾಗಿಲಲ್ಲೇ ತಡೆದೆ. ಸಿಸ್ಟರ್ ಬಂದಾಗಲೂ "ಈಗ ತಾನೇ ಮಲಗಿದ್ದಾರೆ, ಎಬ್ಬಿಸಬೇಡಿ" ಎಂದವನು ನಾನೇ. ಅದು ನಿದ್ದೆಯಲ್ಲ, ಮೆದುಳಿಗೆ ರಕ್ತ ಸಾಲದೆ ಕವಿದ ಮಂಪರು. ಹಿಂದಿನ ದಿನ ಚುರುಕಾಗಿದ್ದವರು ಮಂಕಾದರೆ ಅದೇ ಮೊದಲ ಸೂಚನೆ ಇರಬಹುದು ಎಂಬುದು ನಮಗೆ ಹೊಳೆಯಲಿಲ್ಲ. ಸಂಜೆ ಚಹಾ ಕೊಟ್ಟೆವು. ಕಪ್ ಹಿಡಿದ ಬಲಗೈ ಮೆಲ್ಲಗೆ ಕೆಳಗಿಳಿಯಿತು. ಚಹಾ ಮಡಿಲಿಗೆ ಚೆಲ್ಲಿದರೂ ಅವಳು ಅತ್ತ ನೋಡಲಿಲ್ಲ.

ಮತ್ತೆ ಸಿಟಿ ಆಂಜಿಯೋ ಎಂಬ ರಕ್ತನಾಳಗಳ ಸ್ಕ್ಯಾನ್, ಮತ್ತೆ ಐಸಿಯು. ಔಷಧಿ ಕೊಟ್ಟು ಬಿಪಿ ಏರಿಸಿದರು. ಇಳಿಸುವುದು ಬಿಟ್ಟು ಏರಿಸುತ್ತೀರಾ ಎಂದು ಕಾಕಾ ಜಗಳಕ್ಕೇ ನಿಂತರು. ಬಿಗಿದ ನಾಳದಲ್ಲಿ ರಕ್ತ ನುಗ್ಗಲು ಒತ್ತಡ ಬೇಕು, ಗುಳ್ಳೆ ಮುಚ್ಚಿದ್ದರಿಂದ ಆ ಧೈರ್ಯ ಮಾಡಬಹುದು ಎಂದರು ವೈದ್ಯರು. ಅವ್ವ ಉಳಿದಳು, ಬಲಗೈ ಪೂರ್ತಿ ಬರಲಿಲ್ಲ.

ಹಣದ ಚಿಂತೆಯಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಅಲ್ಲಿ ಅನ್ವಯಿಸುತ್ತದೆಯೇ ಎಂದು ವಿಚಾರಿಸಿ, ಆಂಬುಲೆನ್ಸ್ ವಿಚಾರಿಸಬೇಡಿ. ನಾಳ ಬಿಗಿದು ಮೆದುಳಿಗೆ ಆಗುವ ಹಾನಿ ತಗ್ಗಿಸಲು ಕೊಡುವ ನಿಮೋಡಿಪಿನ್ ಮಾತ್ರೆ ಸಾಮಾನ್ಯವಾಗಿ 4 ಗಂಟೆಗೊಮ್ಮೆ, 21 ದಿನ. ನಡುರಾತ್ರಿಯಾದರೂ ಎಬ್ಬಿಸಿಯೇ ಕೊಡಬೇಕು. ಭೇಟಿಗೆ ಬಿಟ್ಟಾಗಲೆಲ್ಲ ತಂದೆಯ ಹೆಸರು, ಊರು ಕೇಳಿ, ಎರಡೂ ಕೈ ಎತ್ತಿಸಿ. ಮೊದಲಿಗಿಂತ ಮಂಕು ಕಂಡರೆ ತಕ್ಷಣ ಸಿಸ್ಟರನ್ನು ಕರೆಯಿರಿ, ಅವರು ಸಿಡುಕಿದರೂ ಸರಿ.