ಒಂದೇ ಆಪರೇಷನ್ನಿಗೆ ಅರಿವಳಿಕೆಯ ಬಿಲ್ ಎರಡೇಕೆ?

ಪ್ರಶ್ನೆ: ಅಮೆರಿಕದಲ್ಲಿ ನೆಲೆಸಿರುವ ನನ್ನ ಅಕ್ಕನಿಗೆ 68 ವರ್ಷ. ಈಚೆಗೆ ಲ್ಯಾಪ್ರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರು. ಮೆಡಿಕೇರ್ (ಅಲ್ಲಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಕಳಿಸಿದ ಲೆಕ್ಕದಲ್ಲಿ ಅರಿವಳಿಕೆಗೆಂದು ಒಬ್ಬ ಡಾಕ್ಟರು, ಒಬ್ಬ ನರ್ಸ್ ಇಬ್ಬರ ಹೆಸರೂ ಇದೆ. ಎರಡೆರಡು ಸಲ ವಸೂಲಿ ಮಾಡಿದರೇ ಡಾಕ್ಟರೇ? ನರ್ಸ್ ಸಾಕೆನ್ನುವುದಾದರೆ ಡಾಕ್ಟರು ಯಾಕೆ?
– ಓದುಗರು, ಮೈಸೂರು

ಉತ್ತರ: ಗಾಬರಿ ಬೇಡ, ಒಂದೇ ಹಣ ಇಬ್ಬರಿಗೆ ಹಂಚಿಹೋಗಿದೆ. ಈ ಆಪರೇಷನ್ನಿನ ಅರಿವಳಿಕೆಗೆ ಮೆಡಿಕೇರ್ ಲೆಕ್ಕದಲ್ಲಿ 7 ಮೂಲ ಯೂನಿಟ್ (ಫೀಸು ಅಳೆಯುವ ಅಂಕ), ಮೇಲೆ 15 ನಿಮಿಷಕ್ಕೊಂದು ಯೂನಿಟ್. ಎರಡು ಗಂಟೆ ಹಿಡಿದಿದ್ದರೆ ಒಟ್ಟು 15. ಯೂನಿಟ್ಟಿಗೆ ಸುಮಾರು 20 ಡಾಲರ್ ಎಂದರೂ 300 ಡಾಲರ್. ಡಾಕ್ಟರೊಬ್ಬರೇ ಮಾಡಲಿ, ಅರಿವಳಿಕೆಯಲ್ಲೇ ತರಬೇತಾದ ನರ್ಸ್ ಒಬ್ಬರೇ ಮಾಡಲಿ, ಕೊಡುವುದು ಅಷ್ಟೇ. ಡಾಕ್ಟರ ನಿರ್ದೇಶನದಲ್ಲಿ ನರ್ಸ್ ಮಾಡಿದರೆ ತಲಾ 150.

ಅಂದರೆ ನರ್ಸ್ ಇಟ್ಟುಕೊಂಡು ಉಳಿಸಿದ ಹಣ ನಿಮ್ಮ ಅಕ್ಕನ ಕೈಗೆ ಬರುವುದಿಲ್ಲ, ಆಸ್ಪತ್ರೆಯಲ್ಲೇ ಉಳಿಯುತ್ತದೆ. ಒಬ್ಬ ಡಾಕ್ಟರು ಏಕಕಾಲಕ್ಕೆ 4 ಥಿಯೇಟರುಗಳವರೆಗೆ ನೋಡಿಕೊಳ್ಳಬಹುದು. ನಾಲ್ಕು ಕಡೆಯ ಅರ್ಧರ್ಧ ಸೇರಿದರೆ ಎರಡು ಪೂರ್ತಿ ಫೀಸು. ಆದರೆ ಅರಿವಳಿಕೆ ನರ್ಸ್ ಕೂಡ ಅಗ್ಗವಲ್ಲ: 2023ರಲ್ಲಿ ಅವರ ಮಧ್ಯಮ ವೇತನ ವರ್ಷಕ್ಕೆ 2 ಲಕ್ಷ 12 ಸಾವಿರ ಡಾಲರ್ ದಾಟಿತ್ತು. ಥಿಯೇಟರು ಖಾಲಿ ಬಿದ್ದರೂ ಸಂಬಳ ನಿಲ್ಲುವುದಿಲ್ಲ.

ಕಾಗದದ ಲೆಕ್ಕ ಬೆಳಗ್ಗೆ ಏಳೂವರೆಗೆ ತಪ್ಪುತ್ತದೆ. ನಾಲ್ಕೂ ಕಡೆ ಮೊದಲ ರೋಗಿ ಟೇಬಲ್ಲಿನ ಮೇಲಿದ್ದಾರೆ, ಮೂಗಿಗೆ ಆಮ್ಲಜನಕದ ಮಾಸ್ಕ್, ನರ್ಸ್ ಕೈಯಲ್ಲಿ ಔಷಧ ತುಂಬಿದ ಸಿರಿಂಜ್. ಹೀಗೆ ನಿರ್ದೇಶಿಸುವ ಡಾಕ್ಟರು ರೋಗಿಯ ಪ್ರಜ್ಞೆ ತಪ್ಪಿಸುವಾಗ ಖುದ್ದು ಹಾಜರಿರಬೇಕೆಂಬುದು ಮೆಡಿಕೇರ್ ನಿಯಮ. ಅವರು ಪಕ್ಕದ ಥಿಯೇಟರಿನಲ್ಲಿ ಸಿಕ್ಕಿಕೊಂಡಿದ್ದರೆ ಇಲ್ಲಿ ಸರ್ಜನ್ನಿನಿಂದ ಹಿಡಿದು ಎಲ್ಲರೂ ಕಾಯಬೇಕು. ಆ ನಿಮಿಷಗಳ ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ದಿನಕ್ಕೆರಡು ಆಪರೇಷನ್ ನಡೆಯುವ ಹಳ್ಳಿ ಕಡೆಯ ಆಸ್ಪತ್ರೆಗೆ ಡಾಕ್ಟರ ಸಂಬಳ ಹುಟ್ಟುವುದಿಲ್ಲ. ಅದಕ್ಕೇ 2001ರಲ್ಲಿ ಅಯೋವಾ, ಆಮೇಲೆ ಒಂದೊಂದಾಗಿ ಒಟ್ಟು 20ಕ್ಕೂ ಹೆಚ್ಚು ರಾಜ್ಯಗಳು ಡಾಕ್ಟರ ಮೇಲ್ವಿಚಾರಣೆ ಕಡ್ಡಾಯವೆಂಬ ಮೆಡಿಕೇರ್ ಷರತ್ತಿನಿಂದ ಹೊರಬಂದವು. ಅದು ಸರಿ ಎಂದೇ ನನ್ನ ಅಭಿಪ್ರಾಯ. ಇಲ್ಲದಿದ್ದರೆ ಹೆರಿಗೆ ಆಪರೇಷನ್ನಿಗೂ ಗಂಟೆಗಟ್ಟಲೆ ಪ್ರಯಾಣ. ಆದರೆ ದೊಡ್ಡ ಆಸ್ಪತ್ರೆಯಲ್ಲಿ, ಹೃದಯ ಸೋತ ರೋಗಿಗಳಿರುವ ದಿನವೂ ಒಬ್ಬ ಡಾಕ್ಟರ ಮೇಲೆ ನಾಲ್ಕು ಥಿಯೇಟರು ಹೊರಿಸುವುದನ್ನು ನಾನು ಒಪ್ಪಲಾರೆ.

ಅಕ್ಕನಿಗೆ ಹೇಳಿ: ಇಬ್ಬರಿಗೂ ಮಂಜೂರಾದ ಮೊತ್ತ ಸಮನಾಗಿದೆಯೇ ನೋಡಲಿ. ವಾರ್ಷಿಕ ಡಿಡಕ್ಟಿಬಲ್ (ವಿಮೆ ಹಣ ಕೊಡುವ ಮುನ್ನ ರೋಗಿಯೇ ಕೊಡಬೇಕಾದ ಮೊತ್ತ) ಮುಗಿದಿದ್ದರೆ ಅದರಲ್ಲಿ ಅವರ ಪಾಲು ಶೇ 20. ನಾನು ಹೇಳಿದ ಉದಾಹರಣೆಯಲ್ಲಿ 30 ಮತ್ತು 30 ಡಾಲರ್. ಮೊತ್ತದಲ್ಲಿ ವ್ಯತ್ಯಾಸವಿದ್ದರೆ ಬಿಲ್ಲಿಂಗ್ ವಿಭಾಗಕ್ಕೆ ಫೋನ್ ಮಾಡಿ ಕೇಳಲಿ.