ಸೇನೆಯಿಂದ ನಿವೃತ್ತರಾದ ಅಪ್ಪನ ಕುಡಿತ ಬಿಡಿಸಲು ಎಲ್ಲಿಗೆ ಕರೆದುಕೊಂಡು ಹೋಗಬೇಕು?

ಅಪ್ಪ ರಿಟೈರ್ ಆಗಿ ಎರಡು ವರ್ಷ, ಈಗ ಬೆಳಿಗ್ಗೆಯೇ ಶುರು ಮಾಡುತ್ತಾರೆ, ರಾತ್ರಿ ನಿದ್ದೆ ಇಲ್ಲ, ಮೊನ್ನೆ ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಬಚ್ಚಲಿಗೆ ಸುರಿದೆವು ಅಂತ ಬರೆದಿದ್ದೀರಿ. ಮೊದಲು ಆ ಬಚ್ಚಲಿನ ವಿಷಯ ಹೇಳಿಬಿಡುತ್ತೇನಮ್ಮ. ಹಾಗೆ ಮಾಡಬೇಡಿ.

ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಮೊದಲು ಕೈ ನಡುಕ, ಬೆವರು. ಆಮೇಲೆ ಫಿಟ್ಸ್ ಬರಬಹುದು. ಎರಡನೇ, ಮೂರನೇ ದಿನ ಇಲ್ಲದ್ದೆಲ್ಲ ಕಾಣಿಸತೊಡಗಬಹುದು. ನಾನೂ ಕುಡಿತ ಬಿಟ್ಟವನೇ, ಆಗ ನನಗೆ ಗೋಡೆ ತುಂಬಾ ಇರುವೆ ಕಂಡಿದ್ದವು. ಪೊರಕೆ ಹಿಡಿದು ಗುಡಿಸುತ್ತಿದ್ದೆನಂತೆ. ಮನೆಯವರು ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದರು! ಆಸ್ಪತ್ರೆಯಲ್ಲಾದರೆ ಕೆಲವು ದಿನ ಮಾತ್ರೆ ಕೊಟ್ಟು ನಿಧಾನಕ್ಕೆ ಇಳಿಸುತ್ತಾರೆ, ಬಿ1 ವಿಟಮಿನ್ ಇಂಜೆಕ್ಷನ್ ಹಾಕುತ್ತಾರೆ. ನಡುಕ ಶುರುವಾಗಿದ್ದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ. ಫಿಟ್ಸ್ ಬಂದರೆ, ಏನೇನೋ ಅಸಂಬದ್ಧ ಮಾತಾಡುತ್ತಿದ್ದರೆ 108ಕ್ಕೆ ಫೋನ್ ಮಾಡಿ.

ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸಿ ಕುಡಿತ ಬಿಡಿಸುತ್ತೇವೆ ಅನ್ನುವ ಪುಡಿ, ಮಾತ್ರೆಗಳ ಹತ್ತಿರವೂ ಹೋಗಬೇಡಿ. ಅದರಲ್ಲಿ ಡೈಸಲ್ಫಿರಾಮ್ (ಕುಡಿದರೆ ಮೈಗೆ ಆಗದಂತೆ ಮಾಡುವ ಔಷಧಿ) ಇದ್ದು, ಅವರು ಗೊತ್ತಿಲ್ಲದೆ ಕುಡಿದರೆ ಬಿಪಿ ಕುಸಿದು ಬಿದ್ದುಬಿಡಬಹುದು. ಡಾಕ್ಟರೂ ಆ ಮಾತ್ರೆ ಕೊಡುತ್ತಾರೆ, ಆದರೆ ರೋಗಿಗೆ ಹೇಳಿ, ಒಪ್ಪಿಸಿ.

ನಾನು ಹವಾಲ್ದಾರ್ ಆಗಿ ರಿಟೈರ್ ಆದವನು. ಮುಟ್ಟದೆ ಈಗ ಆರು ವರ್ಷ. ಊರಿಗೆ ಬಂದ ಮೇಲೂ ರಾತ್ರಿ ಎರಡಕ್ಕೆ ಎಚ್ಚರವಾಗುತ್ತಿತ್ತು, ಸಂತ್ರಿ ಡ್ಯೂಟಿ ಬದಲಾಗುವ ಹೊತ್ತು. ಎದ್ದು ಚಿಲಕ ನೋಡುವುದು, ನಾಯಿ ಬೊಗಳಿದರೆ ಹಿತ್ತಲಿಗೆ ಹೋಗುವುದು. ಎರಡು ಪೆಗ್ ಹಾಕಿದರೆ ನಿದ್ದೆ ಬರುತ್ತಿತ್ತು. ಆಮೇಲೆ ನಾಲ್ಕು ಬೇಕಾಯಿತು. ಅದಕ್ಕೇ ಹೇಳುವುದು, ನಿಮ್ಮ ಅಪ್ಪನ ಹತ್ತಿರ ಕುಡಿತದ ಮಾತು ಎತ್ತಬೇಡಿ, ನಿದ್ದೆಯ ಮಾತು ಎತ್ತಿ. ಕುಡುಕ ಅಂದರೆ ಯಾವ ಫೌಜಿಯೂ ಎದ್ದು ಹೋಗುತ್ತಾನೆ. ನಿದ್ದೆ ಬರುತ್ತಿಲ್ಲ ಅನ್ನುವುದನ್ನು ಒಪ್ಪಿಕೊಳ್ಳುವುದು ಅಷ್ಟು ಕಷ್ಟವಲ್ಲ.

ಇನ್ನೊಂದು ಭಯ ಇರುತ್ತೆ, ಬಾಯಿ ಬಿಟ್ಟು ಹೇಳುವುದಿಲ್ಲ. ಸರ್ವಿಸ್‌ನಲ್ಲಿದ್ದಾಗ ಮನಸ್ಸು ಸರಿಯಿಲ್ಲ ಅಂದರೆ ಮೆಡಿಕಲ್ ಕ್ಯಾಟಗರಿ, ಅಂದರೆ ಆರೋಗ್ಯದ ದರ್ಜೆ, ಇಳಿಯಬಹುದು, ಪ್ರಮೋಷನ್‌ಗೆ ಕುತ್ತು. ಹಾಗಾಗಿ ಬಾಯಿ ಮುಚ್ಚಿಕೊಂಡಿರುವುದು ಅಭ್ಯಾಸ ಆಗಿಬಿಟ್ಟಿರುತ್ತೆ. ಈಗ ಚಿಕಿತ್ಸೆ ತೆಗೆದುಕೊಂಡರೆ ಪೆನ್ಷನ್ ನಿಲ್ಲುವುದಿಲ್ಲ. ಇದನ್ನು ಬಿಡಿಸಿ ಹೇಳಿ.

ಎಲ್ಲಿಗೆ ಅಂದರೆ, ಹತ್ತಿರದ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ. ಮಾಜಿ ಸೈನಿಕರಿಗಾಗಿ 2003ರಲ್ಲಿ ಶುರುವಾದ ಆರೋಗ್ಯ ಯೋಜನೆ ಅದು. ಅಲ್ಲಿಂದ ಮನೋವೈದ್ಯರಿರುವ ಆಸ್ಪತ್ರೆಗೆ ರೆಫರಲ್ ಬರೆಸಿಕೊಳ್ಳಿ. ಬೆಂಗಳೂರಿಗೆ ಬರಲಾದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಉತ್ತರ ಕರ್ನಾಟಕದವರಾದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್. ಹೊರಡುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ದಿನದ 24 ಗಂಟೆಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಅಪ್ಪ ಒಪ್ಪದಿದ್ದರೂ ನೀವೇ ಫೋನ್ ಮಾಡಬಹುದು.

ಖಾಸಗಿ ಡಿ-ಅಡಿಕ್ಷನ್ ಕೇಂದ್ರಕ್ಕೆ ಸೇರಿಸುವುದಾದರೆ ಮೊದಲು ನೀವೇ ಹೋಗಿ ನೋಡಿ. ನನ್ನನ್ನು ಒಂದು ಕಡೆ ಹದಿನೈದು ದಿನ ಕೂಡಿಹಾಕಿದ್ದರು, ಡಾಕ್ಟರ ಮುಖ ಕಾಣಲಿಲ್ಲ. ಹೊರಬಂದ ಸಂಜೆಯೇ ಕುಡಿದೆ. ರೋಗಿಗೆ ಸರಪಳಿ ಹಾಕುವಂತಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ.

ಮಿಲಿಟರಿ ಕ್ಯಾಂಟೀನ್‌ನ ಮದ್ಯದ ಕೋಟಾದ ವಿಷಯ ಸೂಕ್ಷ್ಮ. ರಮ್ ಅಗ್ಗಕ್ಕೆ ಸಿಗುತ್ತೆ, ಊರವರು ಮದುವೆಗೊಂದು, ತಿಥಿಗೊಂದು ಬಾಟಲಿ ಕೇಳುತ್ತಲೇ ಇರುತ್ತಾರೆ. ಕ್ಯಾಂಟೀನ್ ಕಾರ್ಡ್ ಕಿತ್ತುಕೊಂಡರೆ ಮರ್ಯಾದೆ ಹೋದ ಹಾಗೆ ಅನ್ನಿಸುತ್ತೆ. ಆಸ್ಪತ್ರೆಯಿಂದ ಬಂದ ಮೇಲೆ ನಾನೇ ಹೆಂಡತಿ ಕೈಗೆ ಕೊಟ್ಟೆ. ಈಗ ಇಬ್ಬರೂ ಹೋಗಿ ಸೋಪು, ಎಣ್ಣೆ ತರುತ್ತೇವೆ.

ಮಧ್ಯೆ ಮತ್ತೆ ಕುಡಿಯಬಹುದು. ನಾನು ಎರಡು ಸಲ ಜಾರಿದೆ. ಡಾಕ್ಟರ್ ಬೈಯಲಿಲ್ಲ, ಮಾತ್ರೆ ಬದಲಾಯಿಸಿದರು.

ಹೊರಡುವಾಗ ಇಸಿಎಚ್‌ಎಸ್ ಕಾರ್ಡ್ ನೀವೇ ಇಟ್ಟುಕೊಳ್ಳಿ. ಮೊದಲ ದಿನ ನಾನು ಅದನ್ನು ಮರೆತು ಅರ್ಧ ದಾರಿಯಿಂದ ವಾಪಸ್ ಬಂದೆ. ಮತ್ತೆ ಹೊರಡಲು ಏಳು ತಿಂಗಳು ಬೇಕಾಯಿತು.