ಬಣ್ಣದ ಸೆಟ್ ಬದಲಾಯಿಸಬೇಡಿ, ಕೂರುವ ಜಾಗ ಬದಲಾಯಿಸಿ

ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರು ಮಾಡಿದ ಜಲವರ್ಣ ಅಲ್ಲಿ ಚೆನ್ನಾಗಿತ್ತು, ಮನೆಗೆ ತಂದರೆ ಮಸಿ ಬಳಿದ ಹಾಗಿದೆ, ವಿದೇಶಿ ಸೆಟ್ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ. ನೀವೇ ಹಾಕಿದ ಫೋಟೋದಲ್ಲಿ ಹಾಳೆ ಮೇಲೆ ನೇರ ಬಿಸಿಲು ಬಿದ್ದಿದೆ. ಬಿಸಿಲಿಗೆ ಬಿಳಿ ಹಾಳೆ ಕಣ್ಣು ಕುಕ್ಕುತ್ತದೆ, ಹಾಕಿದ್ದೆಲ್ಲ ತೆಳು ಅನ್ನಿಸಿ ಮತ್ತೆ ಮತ್ತೆ ಗಾಢ ಮಾಡುತ್ತೀರಿ. ಟ್ಯೂಬ್‌ಲೈಟಿನ ಕೆಳಗೆ ಅದು ಬರೀ ಕೆಸರು. ಈ ಗುಂಪಿನಲ್ಲಿ ಎಷ್ಟು ಸಲ ಹೇಳಿಯಾಯ್ತು!

ಆ ಕಟ್ಟಡದ ಮುಖ ಪಶ್ಚಿಮಕ್ಕೆ. ಬೆಳಿಗ್ಗೆ ಎಂಟಕ್ಕೆ ಎದುರು ಫುಟ್‌ಪಾತಿನಲ್ಲಿ ಕೂತರೆ ಸೂರ್ಯ ಗುಮ್ಮಟದ ಹಿಂದಿರುತ್ತಾನೆ. ಬೋರ್ಡನ್ನು 45 ಡಿಗ್ರಿ ಎತ್ತಿ ನಿಲ್ಲಿಸಿ, ಹಾಳೆ ಬೋರ್ಡಿನದೇ ನೆರಳಿಗೆ ಬರುತ್ತದೆ. ಬಿಸಿಲು ಅದಕ್ಕಿಂತ ಮೇಲೇರಿದರೆ ಬೋರ್ಡು ಇನ್ನೂ ನೆಟ್ಟಗೆ, ಇಲ್ಲವೇ ಕೊಡೆ. ಇಷ್ಟು ಓರೆಯಲ್ಲಿ ವಾಶ್, ಅಂದರೆ ನೀರಾಗಿ ಹರಡಿದ ಬಣ್ಣದ ಪದರ, ಇಳಿದುಬಿಡುತ್ತದೆ, ಹಾಗಾಗಿ ಬ್ರಶ್ಶಿನಲ್ಲಿ ನೀರು ಕಮ್ಮಿ ಇರಲಿ, ಕೆಳಗೆ ನಿಂತ ಹನಿಯನ್ನು ಒಣ ಬ್ರಶ್ಶಿನಿಂದ ಹೀರಿಸಿ. ಬಿಟ್ಟರೆ ಅದೇ ನೀರು ಹಿಂದಕ್ಕೆ ಹತ್ತಿ ಹೂಕೋಸಿನ ಅಂಚಿನಂಥ ಕಲೆ ಮೂಡಿಸುತ್ತದೆ. ಎದುರು ಬೆಳಕಿನ ಇನ್ನೊಂದು ಲಾಭ: ಕಟ್ಟಡದ ಇಡೀ ಮುಖ ಒಂದೇ ನೆರಳಾಗಿ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಕಂದು ಕಲಸಿ ಒಂದೇ ವಾಶ್, ಹಸಿ ಇರುವಾಗಲೇ ಬುಡದಲ್ಲಿ ಸ್ವಲ್ಪ ಸಿಯೆನ್ನಾ ಬಿಡಿ. ಕಿಟಕಿ ಎಣಿಸುತ್ತಾ ಕೂರಬೇಡಿ.

ಈ ಎರಡು ಬಣ್ಣಕ್ಕೆ ಕ್ಯಾಮೆಲ್ ಆರ್ಟಿಸ್ಟ್ ಟ್ಯೂಬ್ ಧಾರಾಳ ಸಾಕು. ಸ್ಟೂಡೆಂಟ್ ಸೆಟ್ ಮಾತ್ರ ಬೇಡ, ಎರಡನೇ ಪದರಕ್ಕೇ ಸುಣ್ಣದ ಹಾಗೆ ಮಂಕಾಗುತ್ತದೆ. ಕೊಡೆ ಕರಿಯದೋ ಬಿಳಿಯದೋ ಇರಲಿ. ಕೆಂಪು, ನೀಲಿ ಕೊಡೆ ಹಿಡಿದರೆ ಅದೇ ಬಣ್ಣ ಹಾಳೆ ಮೇಲೆ ಕೂತು ಲೆಕ್ಕ ತಪ್ಪಿಸುತ್ತದೆ. ಬೋರ್ಡು ನಿಲ್ಲಿಸುವ ಈಸೆಲಿಗೆ ಕೊಡೆ ಕಟ್ಟಿದರೆ ಅದರ ಕಾಲುಗಳ ನಡುವೆ ಭಾರಕ್ಕೆ ಚೀಲ ತೂಗುಹಾಕಿ. ಗೇಟ್‌ವೇ ಆಫ್ ಇಂಡಿಯಾ ಹತ್ತಿರ ಕಡಲ ಗಾಳಿ ಎಲ್ಲಾ ಎತ್ತಿಕೊಂಡು ಹೋಗುತ್ತದೆ.

ದುಡ್ಡು ಸುರಿಯುವುದಾದರೆ ಹಾಳೆಗೆ ಸುರಿಯಿರಿ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ), ಪೂರ್ತಿ ಹತ್ತಿಯದು. ಆದರೆ ಮಳೆಗಾಲದಲ್ಲಿ ಆರ್ಶ್‌ನಂಥ ಒಳ್ಳೆ ಕಂಪನಿಯ ಹಾಳೆಯನ್ನೂ ಕಪಾಟಿನಲ್ಲಿ ತೆರೆದಿಟ್ಟರೆ ತೇವಕ್ಕೆ ಸೈಜಿಂಗ್ (ನೀರು ತಟ್ಟನೆ ಹೀರದಂತೆ ತಡೆಯುವ ಅಂಟು) ಹೋಗುತ್ತದೆ, ವಾಶ್ ಎಳೆದಾಗ ಅಲ್ಲಲ್ಲಿ ಕಪ್ಪು ಚುಕ್ಕೆ ಹೀರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಸಿಲಿಕಾ ಜೆಲ್ ಹಾಕಿಡಿ. ಹೊರಡುವ ಮುಂಚೆ ಮೂಲೆಗೆ ಒಂದು ಹನಿ ಬಿಡಿ. ತಟ್ಟನೆ ಹೀರಿಕೊಂಡರೆ ಆ ಹಾಳೆ ಪೆನ್ಸಿಲ್ ಸ್ಕೆಚ್ಚಿಗೆ.

ಇನ್ನು ನಿಮ್ಮ ಚಿತ್ರದ ಕಾಳಿ-ಪೀಲಿ (ಕರಿ-ಹಳದಿ) ಟ್ಯಾಕ್ಸಿ: ಕರಿ ಮೇಲೆ ಹಳದಿ ಎಳೆದಿದ್ದೀರಿ, ಹಸಿರಾಗಿದೆ. ಮೊದಲು ಹಳದಿ, ಪೂರ್ತಿ ಒಣಗಿದ ಮೇಲೆ ಕರಿ. ಮರೆತರೆ ಹಳದಿ ಗ್ವಾಶ್ (ಕೆಳಗಿನ ಬಣ್ಣ ಮುಚ್ಚುವ ಅಪಾರದರ್ಶಕ ನೀರುಬಣ್ಣ) ಗಟ್ಟಿಯಾಗಿ ಒಂದೇ ಎಳೆ, ತಿದ್ದಬೇಡಿ.